ಮನೆಯಿಂದಾಚೆ ಮೂತ್ರದ ಹತೋಟಿ: ಮಂಡಗದ್ದೆ ಸೀಮೆ

ದೊಡ್ಡವರಲ್ಲಿ ಮೂತ್ರ ಅವರ ಅಂಕೆ ಮೀರಿ ಹೊರಬರುವುದನ್ನು ಮೂತ್ರದ ಹತೋಟಿ ತಪ್ಪುವುದು ಎನ್ನುತ್ತಾರೆ. ಎಷ್ಟು ಹೋಯಿತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕೆಮ್ಮಿದಾಗ ಬಿದ್ದ ನಾಲ್ಕು ಹನಿಯೂ ಇದೇ, ಸೀರೆ ತೊಯ್ದುಹೋದದ್ದೂ ಇದೇ. ಮನೆಯಲ್ಲಿದ್ದಾಗ ಹೇಗೋ ಸಂಭಾಳಿಸಬಹುದು: ಬಚ್ಚಲು ಹತ್ತಿರ, ಬದಲಿಸಲು ಬಟ್ಟೆ ಗಳದ ಮೇಲೆ, ಹಂಡೆಯಲ್ಲಿ ಬಿಸಿನೀರು. ಮನೆ ಬಿಟ್ಟು ಹೊರಟಾಗ ಈ ಮೂರೂ ಇರುವುದಿಲ್ಲ. ಆದ್ದರಿಂದ ಹೊರಗಿನ ಮಟ್ಟಿಗೆ ಈ ತೊಂದರೆಯನ್ನು ಅಳೆಯಬೇಕಾದದ್ದು ಮಿಲಿಲೀಟರಿನಲ್ಲಿ ಅಲ್ಲ, ಒಂದು ಶೌಚಾಲಯದಿಂದ ಇನ್ನೊಂದಕ್ಕೆ ಎಷ್ಟು ಕಿಲೋಮೀಟರ್ ಎಂಬುದರಲ್ಲಿ.

ಹಾಗೆ ಅಳೆಯಲು ಮಂಡಗದ್ದೆ ಒಳ್ಳೆಯ ಜಾಗ. ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಈ ಊರು ತುಂಗೆಯ ದಂಡೆಯಲ್ಲಿದೆ. ಶಿವಮೊಗ್ಗ, ತೀರ್ಥಹಳ್ಳಿಗಳ ನಡುವಿನ ಸುಮಾರು 60 ಕಿ.ಮೀ. ದಾರಿಗೆ ಇದು ನಟ್ಟನಡು. ದಾರಿ ಈಗ ರಾಷ್ಟ್ರೀಯ ಹೆದ್ದಾರಿ 169. ಶಿವಮೊಗ್ಗ ಬಿಟ್ಟರೆ ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಆಮೇಲೆ ಕಾಡು, ಹೊಳೆ. ತೀರ್ಥಹಳ್ಳಿ ತಾಲ್ಲೂಕಿಗೆ ರೈಲಿಲ್ಲ. ಸಾಗರ, ಹೊಸನಗರದ ಕಡೆಯವರಿಗೆ ತಾಳಗುಪ್ಪ ಮಾರ್ಗದ ರೈಲಿದೆ. ಅರಸಾಳಿನಲ್ಲೋ ಆನಂದಪುರದಲ್ಲೋ ಹತ್ತಿದರೆ ಬೋಗಿಯ ತುದಿಯಲ್ಲಿ ಒಂದು ಬಾಗಿಲಿದೆ ಎಂಬ ಧೈರ್ಯ. ಬಸ್ಸಿನವರಿಗೆ ಆ ಧೈರ್ಯವಿಲ್ಲ. ಮೂತ್ರದ ತೊಂದರೆ ಇರುವ ಹಿರಿಯರು ಬೆಂಗಳೂರಿಗೆ ಬಸ್ಸಿಗಿಂತ ರೈಲೇ ಆಗಲಿ ಎನ್ನುವುದಕ್ಕೆ ಟಿಕೆಟ್ಟಿನ ದರವೊಂದೇ ಕಾರಣವಲ್ಲ.

ಮಾತಿನಲ್ಲಿ

ಮಲೆನಾಡಿನ ಆಡುಮಾತಿನಲ್ಲಿ ಈ ತೊಂದರೆಗೆ ನೆಟ್ಟಗಿನ ಹೆಸರಿಲ್ಲ. ಉಚ್ಚೆ ಎಂಬ ಪದ ಮಕ್ಕಳಿಗೆ ಮೀಸಲು. ದೊಡ್ಡವರು ಒಂದಕ್ಕೆ ಹೋಗುತ್ತಾರೆ, ಹಿತ್ತಲ ಕಡೆ ಹೋಗಿಬರುತ್ತಾರೆ. ಪತ್ರಿಕೆಯವರು ಜಲಬಾಧೆ ತೀರಿಸಿಕೊಳ್ಳುತ್ತಾರೆ. ಹೆಂಗಸರು "ತಡ್ಕಳಕ್ಕೆ ಆಗಲ್ಲ" ಎಂದು ಅರ್ಧಕ್ಕೆ ನಿಲ್ಲಿಸುತ್ತಾರೆ. ಏನನ್ನು ಎಂಬುದು ಕೇಳುವವರಿಗೆ ಬಿಟ್ಟದ್ದು. ಗಂಡಸರು ಅದನ್ನೂ ಹೇಳದೆ "ಶುಗರ್ ಜಾಸ್ತಿ ಆಗಿದೆ" ಎಂದು ಬೇರೆ ಕಾಯಿಲೆಯ ಮರೆಯಲ್ಲಿ ನಿಲ್ಲುತ್ತಾರೆ. ವೈದ್ಯರ ಮುಂದೆ ಕೂತು ಮೊಣಕಾಲು, ಬಿ.ಪಿ., ಗ್ಯಾಸು ಎಲ್ಲ ಹೇಳಿ ಮುಗಿಸಿ, ಎದ್ದು ಬಾಗಿಲವರೆಗೆ ಹೋಗಿ, ತಿರುಗಿ ನಿಂತು ಹೇಳುವ ಮಾತು ಇದು.

ಹಳೆಯ ವೈದ್ಯಕ್ಕೆ ಈ ಸಂಕೋಚವಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ, ನವೇಗಾನ್ಧಾರಣೀಯ, ತಡೆಹಿಡಿಯಬಾರದ 13 ವೇಗಗಳನ್ನು ಎಣಿಸುತ್ತದೆ. ಪಟ್ಟಿಯಲ್ಲಿ ಮೂತ್ರವೇ ಮೊದಲು. ಸೀನು, ಆಕಳಿಕೆ, ಕಣ್ಣೀರು ಆಮೇಲೆ. ಬಸ್ಸು ಹೇಳುವುದು ಇದಕ್ಕೆ ತದ್ವಿರುದ್ಧ.

ಮೈಯಲ್ಲಿ

ಮೂತ್ರಕೋಶ ಸ್ನಾಯುವಿನ ಚೀಲ. ಆರೋಗ್ಯವಂತ ದೊಡ್ಡವರಲ್ಲಿ ಸುಮಾರು 400ರಿಂದ 500 ಮಿ.ಲೀ. ಹಿಡಿಯುತ್ತದೆ, 150–200 ಮಿ.ಲೀ. ತುಂಬುವಾಗಲೇ ಮೊದಲ ಸೂಚನೆ ಬರುತ್ತದೆ. ತುಂಬುತ್ತಿರುವಾಗ ಚೀಲ ಸಡಿಲ, ಬಾಯಿ ಬಿಗಿ. ಬಿಡುವಾಗ ಚೀಲ ಬಿಗಿ, ಬಾಯಿ ಸಡಿಲ. ಈ ಅದಲುಬದಲನ್ನು ನಡೆಸುವುದು ಮೆದುಳು, ಬೆನ್ನುಹುರಿ ಮತ್ತು ಅದರ ತುದಿಯ ನರಗಳು. ಕೆಳಗಿನಿಂದ ಎಲ್ಲವನ್ನೂ ತೊಟ್ಟಿಲಿನಂತೆ ಹೊತ್ತಿರುವುದು ಸೊಂಟದ ತಳದ ಸ್ನಾಯುಗಳು.

ಆ ಸ್ನಾಯುಗಳು ಸೋತರೆ ಕೆಮ್ಮು, ಸೀನು, ನಗು, ಬಸ್ಸಿನ ಕುಲುಕು ಯಾವುದಕ್ಕಾದರೂ ಹನಿ ಬೀಳುತ್ತದೆ. ಹೆರಿಗೆಯಾದ ಹೆಂಗಸರಲ್ಲಿ ಇದು ಹೆಚ್ಚು. ಮಲೆನಾಡಿನಲ್ಲಿ ಹೆರಿಗೆಯ ಜೊತೆಗೆ ಇನ್ನೊಂದು ಭಾರವೂ ಸೇರುತ್ತದೆ: ಬೆಟ್ಟದಿಂದ ಸೊಪ್ಪಿನ ಹೊರೆ, ದರಗಿನ ಹೊರೆ, ತೋಟಕ್ಕೆ ಗೊಬ್ಬರದ ಬುಟ್ಟಿ. ಬಾಣಂತನ ಮುಗಿಯುವ ಮೊದಲೇ ಹೊರೆಗೆ ತಲೆಯೊಡ್ಡಿದ ಹೆಂಗಸರು ಮುಂದೆ ಗರ್ಭಕೋಶ ಜಾರಿದೆ ಎಂದು ಆಸ್ಪತ್ರೆಗೆ ಬರುವುದನ್ನು ಇಲ್ಲಿಯ ವೈದ್ಯರು ಕಾಣದವರೇನಲ್ಲ.

ಎರಡನೆಯ ಬಗೆಯಲ್ಲಿ ಚೀಲವೇ ಅವಸರ ಮಾಡುತ್ತದೆ. ಬಂತು ಎಂದರೆ ಬಂದೇ ಬಿಟ್ಟಿತು. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಪಾರ್ಕಿನ್ಸನ್, ಮೂತ್ರದ ಸೋಂಕು ಕಾರಣವಾಗಬಹುದು. ಎಷ್ಟೋ ಸಲ ಹೇಳಿಕೊಳ್ಳುವಂಥ ಕಾರಣವೇ ಸಿಗುವುದಿಲ್ಲ. ಮೂರನೆಯದು ಗಂಡಸರನ್ನು ದಾರಿ ತಪ್ಪಿಸುವಂಥದ್ದು. ಪ್ರಾಸ್ಟೇಟ್ ಗ್ರಂಥಿ ಊದಿ ದಾರಿ ಕಟ್ಟಿರುತ್ತದೆ, ಚೀಲ ತುಂಬಿ ತುಳುಕಿ ಹನಿಹನಿಯಾಗಿ ಸೋರುತ್ತಿರುತ್ತದೆ. ತನಗೆ ನಿಲ್ಲುತ್ತಿಲ್ಲ ಎಂದುಕೊಂಡವನಿಗೆ ನಿಜವಾಗಿ ಹೋಗುತ್ತಿರುವುದಿಲ್ಲ. ನಾಲ್ಕನೆಯದರಲ್ಲಿ ಮೂತ್ರಕೋಶದ ತಪ್ಪೇ ಇಲ್ಲ: ಮೊಣಕಾಲು ಏಳಗೊಡುವುದಿಲ್ಲ, ಕಣ್ಣು ಮಂಜು, ಲಾಡಿಯ ಗಂಟು ಬಿಚ್ಚುವುದಿಲ್ಲ, ಅಂಗಳ ಕತ್ತಲೆ. ಮಲಬದ್ಧತೆ, ಸೋಂಕು, ಹೊಸದಾಗಿ ಶುರುವಾದ ಮಾತ್ರೆ ಇವುಗಳಿಂದ ಬಂದ ತೊಂದರೆ ಆ ಕಾರಣ ಹೋದ ಮೇಲೆ ತಾನೂ ಹೋಗಬಹುದು. ಆದ್ದರಿಂದ ವಯಸ್ಸಾಯಿತಲ್ಲ ಎಂದು ಕೈಬಿಡುವುದು ತಪ್ಪು.

ಈ ಸೀಮೆಯಲ್ಲಿ ಬೇರೆಯಾಗಿ ಹೇಳಬೇಕಾದವರು ಇನ್ನೂ ಕೆಲವರಿದ್ದಾರೆ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಏಟಾದವರು. ಅವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು. ಮೂತ್ರಕೋಶಕ್ಕೂ ಮೆದುಳಿಗೂ ಸಂಪರ್ಕ ತಪ್ಪಿಹೋದ ಮೇಲೆ ಬಂದದ್ದು ತಿಳಿಯುವುದಿಲ್ಲ, ತಿಳಿದರೂ ಬಿಡಲಾಗುವುದಿಲ್ಲ.

ರಸ್ತೆಯಲ್ಲಿ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ ಅಜ್ಜಿಯೊಬ್ಬರನ್ನು ಗಮನಿಸಿ. ಮನೆಯಲ್ಲಿ ಹೋಗಿದ್ದರು, ಸ್ಟ್ಯಾಂಡಿನಲ್ಲಿ ಇರಲಿ ಎಂದು ಮತ್ತೊಮ್ಮೆ ಹೋಗಿಬಂದಿದ್ದಾರೆ. ಬೆಳಗ್ಗೆಯಿಂದ ಕುಡಿದದ್ದು ಅರ್ಧ ಲೋಟ ಕಾಫಿ. ಕಾಲ ಬುಡದ ವೈರ್ ಬುಟ್ಟಿಯಲ್ಲಿ ಮೇಲೆ ನಾಲ್ಕು ಬಾಳೆಹಣ್ಣು, ಕೆಳಗೆ ಮಡಚಿದ ಹಳೇ ಸೀರೆಯ ತುಂಡು. ಕಿಟಕಿ ಕಡೆ ಸರಿಯಿರಿ ಎಂದರೆ ಸರಿಯುವುದಿಲ್ಲ. ಅರ್ಧ ದಾರಿ ಬಂದ ಮೇಲೆ ಕಂಡಕ್ಟರನ್ನು ಕರೆಯುತ್ತಾರೆ.

"ತಮ್ಮಾ, ಮಂಡಗದ್ದೇಲಿ ಒಂಚೂರು ನಿಲ್ಸು."

"ಇಳೀತೀರಾ ಅಮ್ಮಾ?"

"ಇಲ್ಲ ಮಾರಾಯಾ, ನಿಲ್ಸು ಅಂದೆ."

ಅನುಭವವಿರುವ ಕಂಡಕ್ಟರು ಮುಂದೆ ಕೇಳುವುದಿಲ್ಲ. "ಐದು ನಿಮಿಷ" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗುತ್ತಾನೆ. ಹತ್ತು ಮಂದಿ ಇಳಿಯುತ್ತಾರೆ. ಎಂಟು ಮಂದಿಗೆ ಅದೇ ಬೇಕಾಗಿತ್ತು, ಬಾಯಿ ಬಿಟ್ಟವರು ಅಜ್ಜಿ ಒಬ್ಬರೇ.

ಎಲ್ಲ ಬಸ್ಸುಗಳೂ ಹೀಗೆ ನಿಲ್ಲಲಾರವು. ಮಲೆನಾಡಿನ ಖಾಸಗಿ ಬಸ್ಸಿನದು ನಿಮಿಷದ ಲೆಕ್ಕ. ಹಿಂದಿನ ಬಸ್ಸು ಬಂದು ಮುಟ್ಟಿದರೆ ಕಲೆಕ್ಷನ್ ಹೋಯಿತು. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. ಮುಖ ನೋಡಿ ಊರು ಹೇಳುವ ಸಿಬ್ಬಂದಿ ಒಂದಿಷ್ಟು ಕಡಿಮೆಯಾದರು, ಈ ತೊಂದರೆ ಇರುವವರಿಗೆ ಅದು ಸಣ್ಣ ನಷ್ಟವಲ್ಲ. ಇತ್ತ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಂತಾಯಿತು. ಧರ್ಮಸ್ಥಳ, ಹೊರನಾಡು ಎಂದು ದೂರದೂರಕ್ಕೆ ಹೊರಟ ಹಿರಿಯ ಹೆಂಗಸರಿಗೆ ದುಡ್ಡಿನ ಅಡ್ಡಿ ಹೋಯಿತು, ಈ ಅಡ್ಡಿ ಉಳಿಯಿತು.

ಮಂಡಗದ್ದೆಯಲ್ಲಿ ಪ್ರವಾಸಿಗರು ನಿಲ್ಲುವುದು ಹೊಳೆಯ ನಡುಗಡ್ಡೆಯ ಪಕ್ಷಿಧಾಮ ನೋಡಲು ಎಂದು ಪುಸ್ತಕಗಳು ಬರೆಯುತ್ತವೆ. ಒಂದೆಕರೆಯ ಆಸುಪಾಸಿನ ಆ ನಡುಗಡ್ಡೆ ಮಳೆಗಾಲದಲ್ಲಿ ಮುಳುಗಿ ಮರದ ನೆತ್ತಿಗಳಷ್ಟೇ ಉಳಿದಾಗ ಬೆಳ್ಳಕ್ಕಿ, ನೀರುಕಾಗೆಗಳು ಅದರ ಮೇಲೆ ಗೂಡು ಕಟ್ಟುತ್ತವೆ. ಹಕ್ಕಿಗಳಿಗೆ ಮೂತ್ರಕೋಶವೇ ಇಲ್ಲ. ಹಾರುವ ಮೈಗೆ ನೀರಿನ ಚೀಲ ಭಾರವಾದೀತು ಎಂದೋ ಏನೋ, ಅವು ಯೂರಿಕ್ ಆಮ್ಲವನ್ನು ಬಿಳಿ ಹಿಟ್ಟಿನಂತೆ ಹಿಕ್ಕೆಯ ಜೊತೆಗೇ ಬಿಡುತ್ತವೆ; ಅಲ್ಲಿಯ ಎಲೆಗಳು ಬೆಳ್ಳಗಾಗಿರುವುದು ಅದಕ್ಕೇ. ನೋಡುವ ಗೋಪುರ ಹತ್ತಿ ನಿಂತವರಲ್ಲಿ ಕೆಲವರಿಗಾದರೂ ಹಕ್ಕಿಗಳ ಮೇಲೆ ಹೊಟ್ಟೆಕಿಚ್ಚಾಗುವುದು ನ್ಯಾಯ.

ಸೀಟಿನ ವಿಚಾರ ಚಿಕ್ಕದು, ಉಪಯೋಗ ದೊಡ್ಡದು. ಹಿಂದಿನ ಚಕ್ರದ ಮೇಲಿನ ಸೀಟು ಎತ್ತಿಹಾಕುವಷ್ಟು ಬೇರೆ ಯಾವುದೂ ಎತ್ತಿಹಾಕುವುದಿಲ್ಲ. ಮುಂದಿನ ಬಾಗಿಲ ಬಳಿ, ಓಡಾಡುವ ದಾರಿಯ ಪಕ್ಕ ಕೂರಬೇಕು. ಹಂಪ್ ಕಂಡ ಕೂಡಲೇ ಸೊಂಟದ ತಳದ ಸ್ನಾಯುವನ್ನು ಒಳಕ್ಕೆಳೆದು ಬಿಗಿಹಿಡಿಯುವುದನ್ನು ರೂಢಿ ಮಾಡಿಕೊಂಡರೆ ಕುಲುಕಿಗೆ ಹನಿಯುವುದು ಕಡಿಮೆಯಾಗುತ್ತದೆ. ಅವಸರದ ಬಗೆಯವರು ಒತ್ತಡ ಬಂದೊಡನೆ ಎದ್ದು ಧಾವಿಸಬಾರದು. ಕೂತಲ್ಲೇ ಐದಾರು ಸಲ ಬಿಗಿಹಿಡಿದು ಬಿಟ್ಟರೆ ಆ ಅಲೆ ಇಳಿಯುತ್ತದೆ, ಆಗ ಏಳಬೇಕು.

ಮಂಡಗದ್ದೆ ಕಡೆಯವರು ದೊಡ್ಡ ಕಾಯಿಲೆಗೆ ಹೋಗುವುದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ಇಲ್ಲವೇ ಘಟ್ಟ ಇಳಿದು ಮಣಿಪಾಲಕ್ಕೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು 1953ರಲ್ಲಿ ಶುರುವಾದಂದಿನಿಂದ ಆಗುಂಬೆ ಘಾಟಿ ರೋಗಿಗಳ ದಾರಿಯೂ ಆಗಿದೆ. 14 ಹಿಮ್ಮುರಿ ತಿರುವುಗಳು. ವಾಂತಿಯಾಗದಿರಲಿ ಎಂದು ಮಾತ್ರೆ ನುಂಗಿ ಹತ್ತುವುದು ರೂಢಿ. ಆ ಮಾತ್ರೆಗಳಲ್ಲಿ ಹಲವು ಮೂತ್ರಕೋಶದ ಸ್ನಾಯುವನ್ನೂ ಮಂಕಾಗಿಸುತ್ತವೆ. ಪ್ರಾಸ್ಟೇಟ್ ಊದಿದ ಗಂಡಸಿಗೆ ಘಾಟಿ ಇಳಿಯುವಷ್ಟರಲ್ಲಿ ಮೂತ್ರ ಕಟ್ಟಿಕೊಳ್ಳಬಹುದು. ಶೀತದ ಕೆಲವು ಮಾತ್ರೆಗಳಿಗೂ ಇದೇ ಗುಣವಿದೆ. ಇನ್ನೊಂದು ತಮಾಷೆ: ಹೊಟ್ಟೆಯ ಸ್ಕ್ಯಾನಿಂಗ್ ಬರೆದವರು "ಮೂತ್ರ ತುಂಬಿಸಿಕೊಂಡು ಬನ್ನಿ" ಎಂದು ಚೀಟಿಯಲ್ಲಿ ಸೇರಿಸುತ್ತಾರೆ. ಅದನ್ನು ಅಕ್ಷರಶಃ ಪಾಲಿಸಿ ತೀರ್ಥಹಳ್ಳಿಯಲ್ಲೇ ಒಂದು ಬಾಟಲಿ ನೀರು ಕುಡಿದು ಬಸ್ಸು ಹತ್ತುವವರಿದ್ದಾರೆ. ನೀರು ಕುಡಿಯಬೇಕಾದದ್ದು ಆಸ್ಪತ್ರೆ ಮುಟ್ಟಿ ಸರದಿಯ ಚೀಟಿ ಕೈಗೆ ಬಂದ ಮೇಲೆ.

ಸಾಗರದ ಕಡೆ ಬಹುಕಾಲ ಇದಕ್ಕಿಂತ ಕಷ್ಟದ ದಾರಿಯಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹರಡಿಕೊಂಡ ಮೇಲೆ ತುಮರಿ ಕಡೆಯವರು, ಸಿಗಂದೂರು ಚೌಡೇಶ್ವರಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಾಗಿತ್ತು. ರಜೆಯ ದಿನ ವಾಹನಗಳ ಸಾಲಿನಲ್ಲಿ ಗಂಟೆಗಟ್ಟಲೆ. ಮುಂದೆ ನೀರು, ಹಿಂದೆ ಕಾರುಗಳು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದುಕೊಂಡಿತು. ಸೇತುವೆಯ ಉಪಯೋಗ ಬರೆಯುವವರು ಶಾಲೆ, ಆಂಬ್ಯುಲೆನ್ಸ್, ಪ್ರವಾಸ ಎನ್ನುತ್ತಾರೆ. ಮೂತ್ರ ತಡೆಯಲಾರದ ಹಿರಿಯರ ಗಂಟೆಗಳನ್ನೂ ಆ ಪಟ್ಟಿಗೆ ಸೇರಿಸಬಹುದು.

ನೀರು, ಕಾಫಿ, ಮಾತ್ರೆ

ಹೊರಗೆ ಹೋಗುವ ದಿನ ನೀರು ಕುಡಿಯದಿರುವುದೇ ಇಲ್ಲಿಯ ಹೆಂಗಸರ ಮನೆಮದ್ದು. ಮದುವೆ ಮನೆಯಲ್ಲಿ ಪಾನಕ ಕೊಟ್ಟರೆ ತುಟಿಗೆ ಮುಟ್ಟಿಸಿ ಪಕ್ಕಕ್ಕಿಡುತ್ತಾರೆ. "ಆಸರಿಗೆ ಏನು ಕೊಡಲಿ" ಎಂದರೆ "ಈಗಷ್ಟೇ ಆಯ್ತು" ಎನ್ನುತ್ತಾರೆ. ಮದ್ದು ಅರ್ಧ ಹೊತ್ತಿಗೆ ಮಾತ್ರ ಫಲಿಸುತ್ತದೆ. ನೀರಿಲ್ಲದ ಮೂತ್ರ ಗಾಢವಾಗಿ ಮೂತ್ರಕೋಶದ ಒಳಗೋಡೆಯನ್ನು ಕೆರಳಿಸುತ್ತದೆ, ಅವಸರ ಇನ್ನಷ್ಟಾಗುತ್ತದೆ, ಮಲ ಗಟ್ಟಿಯಾಗಿ ಮೂತ್ರಕೋಶವನ್ನು ಒತ್ತುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಉರಿಮೂತ್ರ ಬಂತೆಂದು ಮರುದಿನ ಎಳನೀರು, ಕೊತ್ತಂಬರಿ ನೀರು, ಬಾರ್ಲಿ ನೀರು ಶುರುವಾಗುತ್ತವೆ. ಇವೆಲ್ಲ ಮನೆಯಲ್ಲಿರುವ ದಿನಕ್ಕೆ ಒಳ್ಳೆಯದೇ, ಬಸ್ಸಿನ ದಿನಕ್ಕಲ್ಲ.

ಸರಿಯಾದ ಲೆಕ್ಕ ಬೇರೆ. ದಿನದ ನೀರನ್ನು ಕಡಿಮೆ ಮಾಡದೆ ಅದರ ಹೊತ್ತನ್ನು ಬದಲಿಸಬೇಕು. ಹೊರಡುವುದಕ್ಕೆ ಎರಡು ಗಂಟೆ ಮೊದಲು ಕುಡಿಯುವುದು ಮುಗಿದಿರಲಿ, ದಾರಿಯಲ್ಲಿ ಗುಟುಕು ಗುಟುಕು, ತಲುಪಿದ ಮೇಲೆ ಬಾಕಿ. ಬಿಡಬೇಕಾದದ್ದು ಕಾಫಿ, ಕೆಫೀನ್ ಮೂತ್ರಕೋಶವನ್ನು ಚುರುಕುಗೊಳಿಸುತ್ತದೆ. ಕಾಫಿ ಬೆಳೆಯುವ ಸೀಮೆಯ ಮಗ್ಗುಲಲ್ಲಿ ಕೂತು ಹೀಗೆ ಬರೆಯಲು ಕೈ ಬರುವುದಿಲ್ಲ, ಆದರೂ ಬಸ್ಸಿನ ಬೆಳಗ್ಗೆ ಒಂದು ದಿನದ ಮಟ್ಟಿಗೆ ಬಿಡಬಹುದು. ಚಳಿಗೂ ಮೂತ್ರಕ್ಕೂ ನೇರ ಸಂಬಂಧವಿದೆ: ತಣ್ಣಗಾದಾಗ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತ ಒಳಕ್ಕೆ ಸರಿಯುತ್ತದೆ, ಮೂತ್ರಪಿಂಡ ಹೆಚ್ಚು ನೀರು ಹೊರಹಾಕುತ್ತದೆ. ಜಡಿಮಳೆಯಲ್ಲಿ ಒದ್ದೆ ಕಾಲಿನಲ್ಲಿ ಬಸ್ಸಿಗೆ ಕಾದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಬಿ.ಪಿ.ಗೆ, ಹೃದಯಕ್ಕೆ, ಕಾಲಿನ ಬಾವಿಗೆ ಕೊಡುವ ನೀರು ಹೋಗುವ ಮಾತ್ರೆ ಇನ್ನೊಂದು ಲೆಕ್ಕ. ಫ್ಯೂರೊಸಮೈಡ್ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಆರೆಂಟು ಗಂಟೆ ನಡೆಸುತ್ತದೆ. ಬೆಳಗ್ಗೆ ಏಳಕ್ಕೆ ಮಾತ್ರೆ, ಎಂಟಕ್ಕೆ ಬಸ್ಸು ಎಂದರೆ ಮಂಡಗದ್ದೆಯವರೆಗೂ ತಡೆಯುವುದಿಲ್ಲ. ಮಾತ್ರೆ ಬಿಡುವಂತಿಲ್ಲ, ಹೊತ್ತು ಬದಲಿಸಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಎಷ್ಟೋ ಸಲ ಬದಲಿಸಬಹುದು. ಈ ಒಂದು ಪ್ರಶ್ನೆ ಕೇಳದೆ ಎಷ್ಟೋ ಮದುವೆ, ಮುಂಜಿಗಳನ್ನು ಬಿಟ್ಟವರಿದ್ದಾರೆ.

ನೆಂಟರ ಮನೆಯ ರಾತ್ರಿ

ಹಗಲಿಗಿಂತ ರಾತ್ರಿ ಕಷ್ಟ. ಹಳೆಯ ಮಲೆನಾಡಿನ ಮನೆಯಲ್ಲಿ ಪಾಯಿಖಾನೆ ಮನೆಯೊಳಗಿರುವುದಿಲ್ಲ; ಹಿಂಬಾಗಿಲು ತೆಗೆದು, ಅಂಗಳ ದಾಟಿ, ಕೊಟ್ಟಿಗೆಯ ಮಗ್ಗುಲಿನಲ್ಲಿ ಹೋಗಬೇಕು. ಮಳೆಗಾಲದಲ್ಲಿ ಅಂಗಳ ಹಾವಸೆ ಕಟ್ಟಿ ಜಾರುತ್ತದೆ, ಕರೆಂಟು ಇರುವುದಿಲ್ಲ. ದಿನವಿಡೀ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತವರ ಪಾದಕ್ಕೆ ಇಳಿದ ನೀರು, ಮಲಗಿದ ಮೇಲೆ ರಕ್ತಕ್ಕೆ ಮರಳಿ, ರಾತ್ರಿ ಎರಡು ಮೂರು ಸಲ ಎಬ್ಬಿಸುತ್ತದೆ. ಮಧ್ಯಾಹ್ನ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿದರೆ ಆ ನೀರು ಹಗಲೇ ಹೋಗುತ್ತದೆ. ಇಷ್ಟು ಸುಲಭದ ಉಪಾಯ ಇಷ್ಟು ಕಡಿಮೆ ಮಂದಿಗೆ ಗೊತ್ತಿರುವುದು ಸೋಜಿಗ.

ನೆಂಟರ ಹಾಸಿಗೆ ಒದ್ದೆಯಾದೀತೆಂಬ ಹೆದರಿಕೆಗೆ ನಿದ್ದೆಗೆಟ್ಟವರು ಬಹಳ. ಬಲ್ಲ ಮನೆಯವರು ಅದನ್ನು ಕೇಳುವುದಿಲ್ಲ, ಮಾಡಿಬಿಡುತ್ತಾರೆ. ಬಾಣಂತನಕ್ಕೆ ತಂದಿಟ್ಟ ರಬ್ಬರ್ ಶೀಟು ಅಟ್ಟದಿಂದಿಳಿದು ಹಾಸಿಗೆಯ ಕೆಳಗೆ ಹೋಗುತ್ತದೆ, ಮೇಲೆ ಹಳೇ ಪಂಚೆ, ಅದರ ಮೇಲೆ ಒಗೆದ ಬೆಡ್‌ಶೀಟು. ಮಂಚದ ಹತ್ತಿರ ಒಂದು ಮುಚ್ಚಳದ ಬಕೆಟ್ಟು, ಒಂದು ಬ್ಯಾಟರಿ. ಬೆಳಗ್ಗೆ ಎಲ್ಲ ಮುಗಿದ ಮೇಲೆ ಸೊಸೆ "ಅತ್ತೆ, ಚಾದರ ಒಗೆಯಕ್ಕೆ ಹಾಕ್ತೀನಿ, ಮಳೆ ಬಿಟ್ಟಿದೆ" ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಮರೆವಿನ ಕಾಯಿಲೆ ಇರುವವರ ಮಟ್ಟಿಗೆ ಇಷ್ಟು ಸಾಲದು. ಹೊಸ ಮನೆಯಲ್ಲಿ ಅವರಿಗೆ ಬಾಗಿಲೇ ಸಿಗುವುದಿಲ್ಲ. ಬಚ್ಚಲ ದೀಪ ರಾತ್ರಿಯಿಡೀ ಉರಿಯಬೇಕು, ಬಾಗಿಲು ಅರೆ ತೆರೆದಿರಬೇಕು, ಎರಡು ಗಂಟೆಗೊಮ್ಮೆ ಯಾರಾದರೂ ಕರೆದುಕೊಂಡು ಹೋಗಬೇಕು.

ಮನೆಯಿಂದಾಚೆ ಎಂದರೆ ಪ್ರಯಾಣವೇ ಆಗಬೇಕಿಲ್ಲ. ಅಡಿಕೆ ಸುಗ್ಗಿಯಲ್ಲಿ ಹೆಂಗಸರು ಇನ್ನೊಬ್ಬರ ಚಪ್ಪರದಲ್ಲಿ ಮೆಟ್ಟುಗತ್ತಿಯ ಮೇಲೆ ರಾತ್ರಿ ಹತ್ತರವರೆಗೂ ಕೂತು ಸುಲಿಯುತ್ತಾರೆ. ಕೂಲಿ ಸುಲಿದ ಲೆಕ್ಕದ ಮೇಲೆ. ಎದ್ದರೆ ಲೆಕ್ಕ ತಪ್ಪಿತು. ಕೆಲಸ ಕೊಡುವ ಮನೆಯವರು ಚಪ್ಪರದ ಹತ್ತಿರವೇ ಬೆಳಕಿರುವ ಒಂದು ಶೌಚಾಲಯ ಬಿಟ್ಟುಕೊಟ್ಟರೆ ಯಾವ ಔಷಧಿಗೂ ಕಡಿಮೆಯಿಲ್ಲ.

ಕಡಲಾಚೆಯ ಪ್ರಯಾಣವೂ ಈಗ ಈ ಸೀಮೆಯವರಿಗೆ ಹೊಸದಲ್ಲ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರಿಗೆ ವಿಮಾನದೊಳಗೆ ಅಂಥ ಚಿಂತೆಯಿಲ್ಲ, ಶೌಚಾಲಯ ಅಲ್ಲೇ ಇದೆ. ಚಿಂತೆ ಇರುವುದು ಇಮಿಗ್ರೇಷನ್ ಸಾಲಿನಲ್ಲಿ. ಗಾಲಿಕುರ್ಚಿಯ ನೆರವು ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿದ್ದರೆ ಆ ಸಾಲು ಹೆಚ್ಚುಕಡಿಮೆ ತಪ್ಪುತ್ತದೆ.

ಬಟ್ಟೆ, ಡೈಪರ್, ನಳಿಗೆ

ಹಳೆಯ ಸಾಧನ ಬಟ್ಟೆ. ಹತ್ತಾರು ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆ, ಪಂಚೆಗಳ ತುಂಡು ಮೈಗೆ ಹಿತ, ಖರ್ಚಿಲ್ಲ. ಮಲೆನಾಡಿನಲ್ಲಿ ಅದರ ಶತ್ರು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ, ಮಂಡಗದ್ದೆಯಲ್ಲಿ ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಮಾತ್ರ. ಅರೆಒಣಗಿದ ಬಟ್ಟೆ ತೊಡೆಸಂದಿಯಲ್ಲಿ ಹುಳುಕಡ್ಡಿ ತರುತ್ತದೆ. ಒದ್ದೆಯಾದ ಬಟ್ಟೆ ವಾಸನೆಯನ್ನೂ ತಡೆಯುವುದಿಲ್ಲ, ಬಸ್ಸಿನಲ್ಲಿ ಹೆದರಿಕೆ ಅದರದೇ.

ಅಂಗಡಿಯಲ್ಲಿ ಸಿಗುವ ದೊಡ್ಡವರ ಡೈಪರಿನೊಳಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಗಳಿರುತ್ತವೆ. ತಮ್ಮ ತೂಕದ ಹಲವು ಪಟ್ಟು ದ್ರವ ಹೀರಿ ಲೋಳೆಯಾಗುತ್ತವೆ. ಉಪ್ಪಿನಂಶವಿರುವ ಮೂತ್ರವನ್ನು ಬರೀ ನೀರಿನಷ್ಟು ಹೀರಲಾರವು. ಐಎಸ್ಒ 11948 ಎಂಬ ಅಂತರರಾಷ್ಟ್ರೀಯ ಪರೀಕ್ಷಾಕ್ರಮದಿಂದ ಅಳೆದ ಸಾಮರ್ಥ್ಯ ಪ್ರಯೋಗಾಲಯದ್ದು. ಮೈಭಾರ ಹಾಕಿ ಕೂತಾಗ ಹಿಡಿಯುವುದು ಅದಕ್ಕಿಂತ ಕಡಿಮೆ ಎಂದೇ ತಿಳಿಯಬೇಕು. ಓಡಾಡುವವರಿಗೆ ಚಡ್ಡಿಯಂತೆ ಎಳೆದುಕೊಳ್ಳುವುದು ಅನುಕೂಲ. ಮಲಗಿರುವವರಿಗೆ, ಗಾಲಿಕುರ್ಚಿಯವರಿಗೆ ಬದಿಗೆ ಟೇಪಿರುವುದು. ಅಳತೆ ಸೊಂಟದ್ದು, ಪೃಷ್ಠದ್ದು. ದೊಡ್ಡದು ತಂದರೆ ಹೆಚ್ಚು ಹಿಡಿಯುತ್ತದೆ ಎಂಬುದು ತಪ್ಪು, ತೊಡೆಯ ಸಂದಿಯಲ್ಲಿ ಸೋರುತ್ತದೆ. ಹನಿಯಷ್ಟೇ ಬೀಳುವವರಿಗೆ ಒಳಚಡ್ಡಿಗೆ ಅಂಟಿಸುವ ಪ್ಯಾಡೇ ಸಾಕು. ಮುಟ್ಟಿನ ಪ್ಯಾಡು ಇದಕ್ಕೆ ಆಗದು. ಅದನ್ನು ಮಾಡಿರುವುದು ನಿಧಾನವಾಗಿ ಬರುವ ರಕ್ತಕ್ಕೆ, ರಭಸದ ಮೂತ್ರಕ್ಕಲ್ಲ.

ಬೆಲೆ ಇನ್ನೂ ಹಲವರ ಕೈಗೆಟುಕುವುದಿಲ್ಲ. ಮುಟ್ಟಿನ ಪ್ಯಾಡಿನ ಮೇಲಿನ ಜಿಎಸ್‌ಟಿಯನ್ನು 2018ರ ಜುಲೈಯಲ್ಲಿ ತೆಗೆದುಹಾಕಿದರು; ಡೈಪರಿನ ಮೇಲೆ ಶೇ. 12 ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5 ಆಯಿತು. ಜಪಾನಿನಂಥ ಮುಪ್ಪಿನ ದೇಶದಲ್ಲಿ ಓಜಿ ಎಂಬ ಕಂಪನಿ 2024ರಲ್ಲಿ ಅಲ್ಲಿಯ ಮಕ್ಕಳ ಡೈಪರ್ ತಯಾರಿಕೆ ನಿಲ್ಲಿಸಿ ದೊಡ್ಡವರದ್ದಕ್ಕೆ ಒತ್ತು ಕೊಡುವುದಾಗಿ ಹೇಳಿತು. ನಮ್ಮ ಹಳ್ಳಿಯಂಗಡಿಯಲ್ಲಿ ಇವತ್ತಿಗೂ ಮಕ್ಕಳದ್ದು ಮಾಲೆಯಾಗಿ ತೂಗುತ್ತದೆ, ದೊಡ್ಡವರದ್ದು ಕೇಳಿದರೆ ಒಳಗಿನಿಂದ ಪೇಪರಿನಲ್ಲಿ ಸುತ್ತಿ ಬರುತ್ತದೆ.

ಗಂಡಸರಿಗೆ ಕಾಂಡೋಮಿನಂತೆ ತೊಡಿಸುವ ಹೊರನಳಿಗೆ ಇದೆ; ಕೊಳವೆಯ ತುದಿಯ ಚೀಲವನ್ನು ಪ್ಯಾಂಟಿನೊಳಗೆ ಕಾಲಿಗೆ ಕಟ್ಟಿಕೊಳ್ಳಬಹುದು. ಬೆನ್ನುಹುರಿಗೆ ಏಟಾದವರಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟದ್ದು ಬೇರೆಯದು. ಅಮೆರಿಕದ ಮಿಷಿಗನ್ನಿನ ವೈದ್ಯ ಜ್ಯಾಕ್ ಲಪಿಡೆಸ್ 1972ರಲ್ಲಿ ಪ್ರಕಟಿಸಿದ ಕ್ರಮದಂತೆ, ದಿನಕ್ಕೆ ನಾಲ್ಕಾರು ಸಲ ತೊಳೆದ ಕೈಯಲ್ಲಿ ತಾನೇ ತೆಳು ನಳಿಗೆ ತೂರಿಸಿ ಮೂತ್ರ ಖಾಲಿಮಾಡಿ ತೆಗೆದುಬಿಡುವುದು. ಒಳಗೇ ಬಿಟ್ಟಿರುವ ನಳಿಗೆಗಿಂತ ಸೋಂಕು ಕಡಿಮೆ, ಚೀಲ ಹೊತ್ತು ತಿರುಗಬೇಕಾಗಿಲ್ಲ. ಬೆಂಗಳೂರಿನಲ್ಲಿ 1959ರಿಂದ ಇರುವ ಅಂಗವಿಕಲರ ಸಂಸ್ಥೆ ಎಪಿಡಿ, ಘಟ್ಟದ ಕೆಳಗೆ ಕೊಕ್ಕಡದ ಹತ್ತಿರ ಸೌತಡ್ಕದ ಸೇವಾಧಾಮ ಇಂಥವರ ಪುನಶ್ಚೇತನಕ್ಕೆ ಕೆಲಸ ಮಾಡುತ್ತಿವೆ. ಹೊರಗೆ ಹೊರಟಾಗ ಅವರಿಗೆ ಬೇಕಾದದ್ದು ಶೌಚಾಲಯಕ್ಕಿಂತ ಮೊದಲು ಗಾಲಿಕುರ್ಚಿ ಒಳಹೋಗುವ ಬಾಗಿಲು, ಕೈ ತೊಳೆಯಲು ನೀರು.

ಚಿಕಿತ್ಸೆ

ಪುಟ ತುಂಬ ಬರೆಯಬಹುದಾದ ವಿಷಯ, ಇಲ್ಲಿ ನಾಲ್ಕು ಮಾತು. ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮವೇ ಇಂದಿಗೂ ಮೊದಲ ಮದ್ದು: ಗಾಳಿ ತಡೆಯುವಂತೆ ಸೊಂಟದ ತಳವನ್ನು ಒಳಕ್ಕೆಳೆದು ಬಿಗಿಹಿಡಿದು ಬಿಡುವುದು, ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಕಡಿಮೆಯೆಂದರೆ ಮೂರು ತಿಂಗಳು. ಅವಸರದವರು ಹೋಗುವ ಅಂತರವನ್ನು ಕಾಲು ಗಂಟೆಯಷ್ಟು ಹಿಗ್ಗಿಸುತ್ತಾ ಹೋಗಬೇಕು; ದಿನವೂ ಇರಲಿ ಎಂದು ಹೋಗುವ ಅಭ್ಯಾಸ ಮೂತ್ರಕೋಶಕ್ಕೆ ಸ್ವಲ್ಪದಕ್ಕೇ ಗದ್ದಲ ಮಾಡುವುದನ್ನು ಕಲಿಸುತ್ತದೆ. ಮಾತ್ರೆಗಳಿವೆ, ಅವುಗಳಲ್ಲಿ ಕೆಲವು ಬಾಯಿ ಒಣಗಿಸುತ್ತವೆ, ಹಿರಿಯರಲ್ಲಿ ಗೊಂದಲ ತರುತ್ತವೆ. ಗರ್ಭಕೋಶ ಜಾರಿದವರಿಗೆ ಒಳಗಿಡುವ ಉಂಗುರ, ಶಸ್ತ್ರಚಿಕಿತ್ಸೆ. ಪ್ರಾಸ್ಟೇಟಿಗೆ ಮಾತ್ರೆ, ಶಸ್ತ್ರಚಿಕಿತ್ಸೆ. ಮೂತ್ರದಲ್ಲಿ ರಕ್ತ, ಜ್ವರ, ಕೂರುವ ಭಾಗ ಮರಗಟ್ಟುವುದು, ಕಾಲು ಸೋಲುವುದು, ಹೊಟ್ಟೆ ಬಿಗಿದು ಒಂದು ಹನಿಯೂ ಹೋಗದಿರುವುದು: ಇವುಗಳಲ್ಲಿ ಯಾವುದಾದರೂ ಕಂಡರೆ ಪ್ರಯಾಣ ನಿಲ್ಲಿಸಿ ನೇರ ಆಸ್ಪತ್ರೆಗೆ.

ದಾರಿಯ ಬಾಗಿಲುಗಳು

ಆಸ್ಟ್ರೇಲಿಯದಲ್ಲಿ ಸರ್ಕಾರವೇ 2001ರಿಂದ ದೇಶದ ಸಾರ್ವಜನಿಕ ಶೌಚಾಲಯಗಳ ನಕ್ಷೆ ನಡೆಸುತ್ತಿದೆ. ಅದು ಹುಟ್ಟಿದ್ದೇ ಈ ತೊಂದರೆಯವರಿಗಾಗಿ. ಬ್ರಿಟನ್ನಿನಲ್ಲಿ 1981ರಿಂದ ಅಂಗವಿಕಲರಿಗೆ ಒಂದೇ ಬೀಗದಕೈ ಕೊಟ್ಟು ಸಾವಿರಾರು ಶೌಚಾಲಯಗಳನ್ನು ತೆರೆದುಕೊಳ್ಳುವ ಏರ್ಪಾಡಿದೆ. ನಮ್ಮಲ್ಲಿ ಆ ನಕ್ಷೆ ಕಂಡಕ್ಟರರ, ಟ್ಯಾಕ್ಸಿಯವರ, ಪ್ರಯಾಣ ಮಾಡಿ ಗೊತ್ತಿರುವ ಹೆಂಗಸರ ತಲೆಯಲ್ಲಿದೆ. ಪೆಟ್ರೋಲ್ ಬಂಕುಗಳು ಸ್ವಚ್ಛ ಶೌಚಾಲಯ ಇಡಬೇಕೆಂಬುದು ತೈಲ ಕಂಪನಿಗಳ ಮಾರ್ಗಸೂಚಿಯಲ್ಲೇ ಇದೆ. ಡೀಸೆಲ್ ಹಾಕಿಸದಿದ್ದರೂ ಕೇಳಬಹುದು, ಬೀಗ ಹಾಕಿದ್ದರೆ ಬೀಗದಕೈ ಕೇಳಬಹುದು. 2025ರ ಜನವರಿ 15ರಂದು ಸುಪ್ರೀಂ ಕೋರ್ಟು ನ್ಯಾಯಾಲಯಗಳಲ್ಲಿ ಗಂಡಸರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಶೌಚಾಲಯ ಇರಲೇಬೇಕೆಂದು ಹೇಳುತ್ತಾ ಅದನ್ನು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿಗೆ ಸೇರಿಸಿತು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೂ ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಜಾತ್ರೆಗೂ ಸೇರುವ ಜನಕ್ಕೆ ಇದೇ ಮಾತು ಸಲ್ಲಬೇಕಲ್ಲ ಎಂದು ಯಾರಿಗಾದರೂ ಅನ್ನಿಸೀತು. ಬಾಗಿಲು ಸಿಕ್ಕಿದ ಮೇಲೂ ಒಳಗೆ ಕುಕ್ಕರಗಾಲಿನ ಪಾಯಿಖಾನೆಯಾದರೆ ಮೊಣಕಾಲಿನವರು ಹಿಂದಿರುಗುತ್ತಾರೆ. ಗೋಡೆಗೆ ಒಂದು ಕಬ್ಬಿಣದ ಹಿಡಿಕೆ ಬಡಿದರೆ ಅರ್ಧ ಸಮಸ್ಯೆ ಹೋಯಿತು.

ಬಳಸಿದ್ದನ್ನು ಏನು ಮಾಡುವುದು

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಡೈಪರನ್ನೂ ಹಾಸಿಗೆಯ ಹೀರುಹಾಳೆಯನ್ನೂ ನೈರ್ಮಲ್ಯ ತ್ಯಾಜ್ಯವೆಂದು ಹೆಸರಿಸಿ, ಸುತ್ತಿಯೇ ಹಾಕಬೇಕೆಂದು ಹೇಳಿದವು. ಹಳ್ಳಿಯಲ್ಲಿ ಸುತ್ತಿ ಹಾಕಲು ಬುಟ್ಟಿಯಿರುವುದಿಲ್ಲ. ಬಚ್ಚಲೊಲೆಗೆ ಹಾಕಿದರೆ ನೀರು ಹೀರಿದ ಲೋಳೆ ಉರಿಯುವುದಿಲ್ಲ, ಪ್ಲಾಸ್ಟಿಕ್ಕಿನ ಹೊಗೆ ಮಾತ್ರ ಏಳುತ್ತದೆ. ತೋಟದಲ್ಲಿ ಹೂತರೆ ನಾಯಿ, ಹಂದಿ ಕೆದರುತ್ತವೆ, ವರ್ಷ ಕಳೆದರೂ ಹಾಳೆ ಹಾಗೇ ಇರುತ್ತದೆ. ಬಸ್ಸಿನ ಕಿಟಕಿಯಿಂದ ಎಸೆದದ್ದು ಈ ರಸ್ತೆಯಲ್ಲಿ ಎಲ್ಲಿ ಬಿದ್ದರೂ ಮಳೆಗಾಲಕ್ಕೆ ತುಂಗೆಗೇ ಇಳಿಯುತ್ತದೆ, ಅಲ್ಲಿಂದ ಗಾಜನೂರಿಗೆ.

ಅನುಭವಸ್ಥರ ಚೀಲದಲ್ಲಿ ಅದಕ್ಕೆಂದೇ ಎರಡು ಕಪ್ಪು ಕವರ್ ಇರುತ್ತವೆ, ಒಂದರೊಳಗೊಂದು, ಬಾಯಿಗೆ ರಬ್ಬರ್ ಬ್ಯಾಂಡು. ಜೊತೆಗೆ ಒಂದು ಸಣ್ಣ ಬಾಟಲಿ ನೀರು, ಒರೆಸಲು ಮೆತ್ತನೆ ಬಟ್ಟೆ, ಚರ್ಮಕ್ಕೆ ಹಚ್ಚಲು ವ್ಯಾಸಲೀನ್, ಬಣ್ಣ ಗಾಢವಾದ ಒಂದು ಲಂಗ ಅಥವಾ ಪಂಚೆ. ಪೌಡರ್ ಬೇಡ, ಒದ್ದೆಯಾದರೆ ಗಂಟು ಕಟ್ಟಿ ಉಜ್ಜುತ್ತದೆ. ಕಸದ ಗಾಡಿ ಬರುವ ಪೇಟೆ ಸಿಕ್ಕರೆ ಕವರ್ ಅಲ್ಲೇ ಇಳಿಯುತ್ತದೆ. ಸಿಗದಿದ್ದರೆ ಬಾಳೆಹಣ್ಣು ಖಾಲಿಯಾದ ವೈರ್ ಬುಟ್ಟಿಯ ಅಡಿಯಲ್ಲಿ ಕೂತು ಸಂಜೆಯ ಬಸ್ಸಿನಲ್ಲಿ ಮನೆಗೆ ವಾಪಸಾಗುತ್ತದೆ.